ಜಪಾನಿ ಕತ್ತಿಯ ಕುಚ್ಚಿನ ಬಣ್ಣ

೧೯೯೮ನೇ ಇಸವಿ ನವೆಂಬರ್ ಹದಿನೈದು, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಹೊಳೆನರಸೀಪುರದ ಕೋಟೆಯೊಳಗಿನ ಒಂದು ತೊಟ್ಟಿ ಮನೆ. ಹಾಜರಿದ್ದವರು: ಸೈನ್ಯದಲ್ಲಿ ಡಾಕ್ಟರಾಗಿದ್ದು ತೀರಿಕೊಂಡವರೊಬ್ಬರ ಹೆಂಡತಿ, ಎಂಬತ್ತರ ಹತ್ತಿರದ ಮುದುಕಿ; ಪ್ರೌಢಶಾಲೆಯ ಅಧ್ಯಾಪಕಿಯಾಗಿದ್ದ ಅವರ ಮಗಳು; ಚನ್ನರಾಯಪಟ್ಟಣದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಮಗ, ಮತ್ತು ನಾನು.

ಕೆಲಸ ಇಷ್ಟೇ. ಆ ಮನೆಯಲ್ಲಿ ಜಪಾನಿ ಸೈನ್ಯದ ಅಧಿಕಾರಿಯೊಬ್ಬನ ಕತ್ತಿ ಇತ್ತು. ಬರ್ಮಾದ ಯುದ್ಧ ಮುಗಿದಾಗ ಡಾಕ್ಟರು ತಂದದ್ದು. ಅದರ ಹಿಡಿಗೆ ಒಂದು ಕುಚ್ಚು ಕಟ್ಟಿತ್ತು. ಆ ಕುಚ್ಚು ಅಸಲಿಯೋ ಅಲ್ಲವೋ, ಅಸಲಿಯಾದರೆ ಯಾವ ದರ್ಜೆಯವನದು ಎಂದು ನೋಡಿ ಹೇಳಬೇಕು. ಡಾಕ್ಟರು ಕೆಲಸ ಮಾಡಿದ್ದ ರೆಜಿಮೆಂಟಿನವರು ತಮ್ಮ ವಸ್ತುಸಂಗ್ರಹದಲ್ಲಿ ಈ ಕತ್ತಿಯನ್ನು ಡಾಕ್ಟರ ಹೆಸರಿನ ಸಮೇತ ಇಡಲು ಒಪ್ಪಿದ್ದರು. ಒಂದೇ ಷರತ್ತು: ಕುಚ್ಚನ್ನು ತಿಳಿದವರೊಬ್ಬರು ಪರೀಕ್ಷಿಸಿರಬೇಕು.

ನಾನು ಸೈನ್ಯದಲ್ಲಿ ಇದ್ದಷ್ಟು ಕಾಲವೂ ಉಗ್ರಾಣದಲ್ಲಿ ಕೆಲಸ ಮಾಡಿದವನು. ಬಂದೂಕಿನ ಉಗ್ರಾಣವಲ್ಲ, ಬಟ್ಟೆಬರೆಯದು. ಪಟ್ಟಿ, ಬಿಲ್ಲೆ, ಗುಂಡಿ, ದಾರ. ಶರಣಾಗತಿಯಲ್ಲಿ ಬಂದ ಜಪಾನಿ ಕತ್ತಿಗಳು ನಮ್ಮಲ್ಲಿ ಒಂದು ಕಪಾಟಿನ ತುಂಬ ಇದ್ದವು. ಅವುಗಳ ಅಲಗನ್ನು ನೋಡಲು ದೊಡ್ಡ ದೊಡ್ಡ ಅಧಿಕಾರಿಗಳು ಬರುತ್ತಿದ್ದರು. ಕುಚ್ಚನ್ನು ಯಾರೂ ನೋಡುತ್ತಿರಲಿಲ್ಲ. ನೂಲು ಯಾರ ಪಾಲಿಗೂ ಬಾರದೆ ನನ್ನ ಪಾಲಿಗೆ ಬಂತು. ನಿವೃತ್ತನಾಗಿ ಹಾಸನದಲ್ಲಿ ಮನೆ ಮಾಡಿದ ಮೇಲೆ ಈ ಕಡೆ ಯಾರ ಅಟ್ಟದಲ್ಲಿ ಇಂಥ ಕತ್ತಿ ಸಿಕ್ಕಿದರೂ ನನಗೆ ಹೇಳಿ ಕಳಿಸುವುದು ರೂಢಿಯಾಯಿತು.

ಅವರು ಹೇಳಿದ ಹೊತ್ತಿಗೆ ನಾನು ಸರಿಯಾಗಿ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಆಟೋದವನಿಗೆ ಡಾಕ್ಟರ ಮನೆ ಎಂದಾಗ ಅವನು ನಕ್ಕಿದ್ದ.

"ಕತ್ತಿ ಮನೆ ಅನ್ನಿ ಸಾ. ಅಂಗಂದ್ರೆ ಊರಿಗೇ ಗೊತ್ತು. ಜಪಾನ್ ಮೇಜರು ನಮ್ ಡಾಕ್ಟ್ರ ಕಾಲ್ ಇಡ್ಕಂಡು ಕೊಟ್ಟೋದ ಕತ್ತಿ ಅದು!"

"ನೀನು ನೋಡಿದ್ದೀಯಾ?"

"ನಾನೆಲ್ಲಿ ನೋಡಾನ ಸಾ? ನಮ್ ತಾತ ಆಯುಧಪೂಜೇಲಿ ಕೋಸಂಬರಿ ಈಸ್ಕಳಕ್ಕೆ ಓಗಿದ್ದಾಗ ನೋಡಿದ್ನಂತೆ. ಕೆಂಪು ಕುಚ್ಚು. ಮೇಜರ್‌ಗೇ ಕೆಂಪಂತೆ."

ಅದು ನಿಜ. ಜಪಾನಿ ಭೂಸೈನ್ಯದ ಅಧಿಕಾರಿಗಳ ಕುಚ್ಚಿನ ಹೊರಮೈ ಕಂದು. ಒಳಮೈಯ ಬಣ್ಣ ದರ್ಜೆಯನ್ನು ಹೇಳುತ್ತದೆ. ಮೇಜರ್‌ನಿಂದ ಕರ್ನಲ್‌ವರೆಗೆ ಕೆಂಪು. ಅದರ ಕೆಳಗಿನ ಕ್ಯಾಪ್ಟನ್, ಲೆಫ್ಟಿನೆಂಟರಿಗೆ ನೀಲಿ. ಜನರಲ್‌ಗಳದಕ್ಕೆ ಕೆಂಪಿನ ಜೊತೆ ಚಿನ್ನದ ಎಳೆ. ಇಷ್ಟು ಒಬ್ಬ ಆಟೋದವನಿಗೂ ಗೊತ್ತಿರಬೇಕಾದರೆ ಆ ಮನೆಯವರು ಕತ್ತಿಯ ಕಥೆಯನ್ನು ಚೆನ್ನಾಗಿಯೇ ಹಂಚಿದ್ದರು.

ಆದರೆ ಒಂಬತ್ತಕ್ಕೆ ಹೋದ ನನಗೆ ಕತ್ತಿ ಕೈಗೆ ಸಿಕ್ಕಲಿಲ್ಲ. ಅದು ದೇವರ ಮನೆಯಲ್ಲಿತ್ತು. ಮುದುಕಿ ಮಡಿಯುಟ್ಟು ಪೂಜೆಗೆ ಕೂತಿದ್ದರು. ಅವರು ಎದ್ದು ಬರುವವರೆಗೆ ಉಳಿದವರು ಹೊಸ್ತಿಲು ದಾಟುವ ಹಾಗಿರಲಿಲ್ಲ. ನನಗೆ ಕಾಯುವುದು ಬರುವುದಿಲ್ಲ. ಕುರ್ಚಿಯಲ್ಲಿ ಕೂತೆ, ಎದ್ದೆ, ಭೂತಗನ್ನಡಿ ಒರೆಸಿದೆ, ಚಿಮುಟ ತೆಗೆದೆ, ಮತ್ತೆ ಚೀಲಕ್ಕೆ ಹಾಕಿದೆ. ಬಣ್ಣವನ್ನು ಹಗಲಿನ ಬೆಳಕಿನಲ್ಲೇ ನೋಡಬೇಕು. ತೊಟ್ಟಿಯೊಳಗೆ ಬಿಸಿಲು ಆಗಲೇ ಗೋಡೆಯಿಂದ ಇಳಿಯತೊಡಗಿತ್ತು.

ಮಗಳು ನನಗಿಂತ ಹೆಚ್ಚು ಚಡಪಡಿಸುತ್ತಿದ್ದರು. ಕಾಫಿ ತಂದಿಟ್ಟರು, ಲೋಟ ಖಾಲಿಯಾಗುವ ಮೊದಲೇ ತೆಗೆದುಕೊಂಡು ಹೋದರು. ಆಮೇಲೆ ಒಂದು ರಟ್ಟು ತಂದು ತೋರಿಸಿದರು. ಕತ್ತಿಯ ಪಕ್ಕದಲ್ಲಿ ಇಡಲು ತಾವೇ ಬರೆದದ್ದು. ಕಪ್ಪು ಹಲಗೆಯ ಮೇಲೆ ಬರೆದು ಬರೆದು ಪಳಗಿದ ಕೈ, ಅಕ್ಷರ ಮುದ್ರಿಸಿದಂತೆ ಇತ್ತು. ಜಪಾನಿ ಮೇಜರ್ ಒಬ್ಬ ಶರಣಾಗತಿಯ ದಿನ ತನ್ನ ಕತ್ತಿಯನ್ನು ಎರಡೂ ಕೈಯಲ್ಲಿ ಎತ್ತಿ ನಮ್ಮ ತಂದೆಯವರಿಗೆ ಒಪ್ಪಿಸಿದನು, ಎಂದಿತ್ತು.

"ಅಪ್ಪ ಹೇಳಿದ್ದು ಹೀಗೇ ಸಾರ್. ಒಂದಕ್ಷರ ನಾನು ಸೇರಿಸಿಲ್ಲ."

"ಎರಡೂ ಕೈಯಲ್ಲಿ ಕೊಟ್ಟಿದ್ನೋ, ಎರಡು ಕೈಯಿಂದ ದುಡ್ಡು ಎಣಿಸ್ಕೊಂಡಿದ್ನೋ," ಎಂದ ಮಗ, ಜಗಲಿಯಿಂದ. ಅವನು ಬಂದಾಗಿನಿಂದ ಕೂತೇ ಇರಲಿಲ್ಲ. ಬೀದಿ ಬಾಗಿಲಿನಿಂದ ಹಿತ್ತಲ ಬಾಗಿಲಿಗೆ ನಡೆಯುತ್ತಿದ್ದ. "ರಂಗೂನ್ ಬಜಾರಲ್ಲಿ ಆಗ ಇಂಥ ಕತ್ತಿ ಬದನೇಕಾಯಿ ಥರ ರಾಶಿ ಹಾಕಿ ಮಾರ್ತಿದ್ರಂತೆ. ನಮ್ಮ ಅಂಗಡಿಗೆ ಬರೋ ಒಬ್ಬ ಹಳೇ ಹವಾಲ್ದಾರ್ ಹೇಳ್ದ."

"ನಿನಗೆ ಅಪ್ಪನ ಮಾತಿಗಿಂತ ಗಿರಾಕಿ ಮಾತು ಹೆಚ್ಚಾಯ್ತೇನೋ?" ಎಂದರು ಮಗಳು.

"ಅಕ್ಕಾ, ನಾಳೆ ಅಲ್ಲಿ ಗಾಜಿನ ಪೆಟ್ಟಿಗೆ ಮುಂದೆ ನಿಂತು ಯಾವನೋ ಒಬ್ಬ ತಿಳಿದೋನು ನಗಬಾರದಲ್ಲ. ಅದಕ್ಕೇ ಹೇಳ್ತಿರೋದು. ಸಾರ್ ಬಂದಿದ್ದಾರೆ, ನೋಡಿಬಿಡ್ಲಿ."

ಅಕ್ಕ ರಟ್ಟನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದರು. ಅಲ್ಲಿ ಪರೀಕ್ಷೆಗೆ ನಿಂತಿದ್ದದ್ದು ನೂಲಲ್ಲ. ಕುಚ್ಚಿನಲ್ಲಿ ಕೆಂಪು ಇದ್ದರೆ ಅವರ ಅಪ್ಪ ನಿಜ ಹೇಳಿದವರು, ಇಲ್ಲವಾದರೆ ತಮ್ಮನ ಬಾಯಿಗೆ ಬೀಗ ಹಾಕುವವರು ಯಾರೂ ಇಲ್ಲ. ಅವರು ಹಾಗೆ ಲೆಕ್ಕ ಹಾಕಿಕೊಂಡಿದ್ದರು.

ಆ ಹೊತ್ತಿನಲ್ಲಿ ನನಗೆ ಅರಕಲಗೂಡಿನ ಕತ್ತಿಯ ನೆನಪು ಬಂದು ಇನ್ನಷ್ಟು ಕಸಿವಿಸಿಯಾಯಿತು. ಕೆಲವು ವರ್ಷಗಳ ಹಿಂದೆ ಅಲ್ಲಿಯ ಒಬ್ಬ ವ್ಯಾಪಾರಿ ನನ್ನನ್ನು ಕರೆಸಿದ್ದರು. ಕತ್ತಿ ಅಸಲಿ. ಕುಚ್ಚು ಮಾತ್ರ ಫಳಫಳ ಹೊಳೆಯುತ್ತಿತ್ತು. ಒಂದು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದೆ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗಬೇಕು, ರೇಷ್ಮೆಯಾದರೆ ಸುಟ್ಟ ಕೂದಲಿನ ವಾಸನೆ ಬರಬೇಕು. ಇದು ಕರಗಿ ಗುಂಡಗೆ ಮಣಿಯಾಯಿತು, ಪ್ಲಾಸ್ಟಿಕ್ ನಾತ ಬಂತು. ಆ ಮನೆಯ ಸೊಸೆ ಬಾಗಿಲ ಸಂದಿಯಿಂದ ನೋಡುತ್ತಿದ್ದವಳು, "ಅಯ್ಯೋ, ಅದು ನಮ್ಮ ಮದುವೆ ಮಂಟಪದ ಪರದೇದು, ಅಳೇದು ಗಲೀಜಾಗಿತ್ತು ಅಂತ ನಾನೇ ಕಟ್ಟಿದ್ದೆ," ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಲ್ಲಿ ಯಾರ ಅಪ್ಪನ ಮಾತೂ ಆ ದಾರಕ್ಕೆ ಜೋತು ಬಿದ್ದಿರಲಿಲ್ಲ.

ಹತ್ತೂವರೆಗೆ ಮುದುಕಿ ಕತ್ತಿ ಹಿಡಿದು ಬಂದರು. ಮಗುವನ್ನು ಎತ್ತಿಕೊಂಡ ಹಾಗೆ ಎರಡು ತೋಳಿನ ಮೇಲೆ ಅಡ್ಡಲಾಗಿ. ತೊಟ್ಟಿಯ ಅಂಚಿನಲ್ಲಿ ಹಾಸಿದ್ದ ಬಿಳಿ ಪಂಚೆಯ ಮೇಲೆ ಇಟ್ಟು, "ಯಾಕಪ್ಪಾ, ಅಷ್ಟು ಹೊತ್ತಿಂದ ಶತಪಥ ಹಾಕ್ತಿದೀಯಂತೆ? ನಿಮ್ಮ ಪಲ್ಟನ್ನಲ್ಲಿ ದೇವರಿಗೂ ಬೆಲ್ ಹೊಡೆದು ಎಬ್ಬಿಸ್ತಿದ್ರಾ?" ಎಂದರು.

"ದೇವರಿಗೆ ವಿನಾಯಿತಿ ಇತ್ತಮ್ಮ," ಎಂದೆ.

ಒರೆಯ ಕಡೆ ನಾನು ಹೋಗಲೇ ಇಲ್ಲ. ನೇರ ಕುಚ್ಚಿಗೆ ಬಂದೆ. ನೋಡಿದರೆ ಅಡಿಯಿಂದ ತುದಿಯವರೆಗೆ ಕುಂಕುಮ! ಐವತ್ತು ವರ್ಷ ಪ್ರತಿ ಆಯುಧಪೂಜೆಗೆ, ಅದೂ ಸಾಲದೆ ಶುಕ್ರವಾರಗಳಂದು, ಕತ್ತಿಯ ಹಿಡಿಗೆ ನೀರು ಚಿಮುಕಿಸಿ ಅರಿಶಿನ ಕುಂಕುಮ ಹಚ್ಚಿದ್ದರು. ನೂಲು ಅದನ್ನೆಲ್ಲ ಕುಡಿದಿತ್ತು. ಹೊರಗಿನ ಕಂದು ಬಣ್ಣ ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಒಳಮೈಯೂ ಕೆಂಪೇ. ಆದರೆ ಎಲ್ಲ ಕಡೆ ಒಂದೇ ಕೆಂಪಲ್ಲ. ಹೊರಗೆ ಜೋಲುವ ಭಾಗದಲ್ಲಿ ಗಾಢ, ಹಿಡಿಯ ಬುಡದ ಲೋಹದ ಬಳೆಯ ಹತ್ತಿರ ತೆಳು. ಬಣ್ಣದಲ್ಲಿ ಅದ್ದಿ ನೇಯ್ದ ದಾರ ಹೀಗೆ ಮಚ್ಚೆ ಮಚ್ಚೆಯಾಗಿ ಇರುವುದಿಲ್ಲ.

ಮೊದಲು ಗೊತ್ತಾಗುವುದನ್ನು ಮುಗಿಸಿದೆ. ನೇಯ್ಗೆ ಚಪ್ಪಟೆ, ಬಿಗಿ, ಕೈಯಲ್ಲಿ ಮಾಡಿದ ನಕಲಿನಲ್ಲಿ ಅಂಥ ಸಮ ಬರುವುದಿಲ್ಲ. ಬಳೆ ಉಜ್ಜಿದ ಕಡೆ ನೂಲು ಸವೆದಿತ್ತು, ಆ ಸವಕಲಿಗೆ ಬಳೆಯ ತುಕ್ಕಿನ ಗುರುತು ಸರಿಯಾಗಿ ಕೂಡುತ್ತಿತ್ತು. ಎಂದರೆ ಇವೆರಡೂ ಬಹುಕಾಲದಿಂದ ಜೊತೆಯಲ್ಲಿದ್ದವು. ಉದುರಿದ್ದ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು ಸುಟ್ಟೆ. ಬೂದಿ ಮೆತ್ತಗೆ ಉದುರಿತು.

"ಅಸಲಿ," ಎಂದೆ. "ಕುಚ್ಚು ಈ ಕತ್ತಿಯದೇ."

ಮಗಳಿಗೆ ಸಮಾಧಾನವಾಯಿತು. "ಕೆಂಪು ಇದೆಯಲ್ಲ ಸಾರ್. ಬರ್ಕೊಳ್ಳಿ ಹಾಗಾದ್ರೆ. ಊಟ ಮಾಡೋಣ."

"ಕೆಂಪು ಇದೆ. ಯಾರ ಕೆಂಪು ಅಂತ ನೋಡಬೇಕು. ಗಂಟು ಬಿಚ್ಚಬೇಕಾಗುತ್ತೆ."

ಹಿಡಿಯ ಬುಡದಲ್ಲಿ ಕುಚ್ಚಿನ ದಾರ ಬಳೆಯೊಳಗೆ ನುಸುಳಿ ಒಂದು ಬಿಗಿಯಾದ ಗಂಟಾಗಿತ್ತು. ಕುಂಕುಮದ ನೀರು ಅದರ ಒಳಗೆ ಇಳಿದಿರಲಾರದು. ಒಳಮೈಯ ಹುಟ್ಟು ಬಣ್ಣ ಉಳಿದಿದ್ದರೆ ಅಲ್ಲಿ.

"ಬೇಡ," ಎಂದರು ಮಗಳು. ಗಟ್ಟಿಯಾಗಿ, ತರಗತಿಯಲ್ಲಿ ಹೇಳುವ ಹಾಗೆ. "ಆ ಗಂಟು ಅವನು ಹಾಕಿದ್ದು. ಜಪಾನಿಯವನೇ ತನ್ನ ಕೈಯಾರೆ. ಅಪ್ಪ ಇದ್ದಷ್ಟು ದಿನ ಯಾರಿಗೂ ಮುಟ್ಟಕ್ಕೆ ಬಿಟ್ಟಿಲ್ಲ."

"ಬಿಚ್ಚದೆ ನಾನು ಕೆಂಪು ಅಂತ ಬರೆಯಕ್ಕಾಗಲ್ಲ."

"ಅಸಲಿ ಅಂತ ಬರೀರಿ ಸಾಕು."

"ಬರೀತೀನಿ. ದರ್ಜೆ ತಿಳಿಯದು ಅಂತಾನೂ ಬರೀತೀನಿ. ಆಗ ನಿಮ್ಮ ರಟ್ಟು ಅಲ್ಲಿ ನಿಲ್ಲೋದಿಲ್ಲ."

ತಮ್ಮ ನಡೆಯುವುದನ್ನು ನಿಲ್ಲಿಸಿದ್ದ. "ಬಿಚ್ಚಿಸ್ಬಿಡೇ ಅಕ್ಕ. ಯಾಕೆ, ಭಯಾನಾ?"

"ಭಯ ನಿನಗೆ! ಅಪ್ಪ ಸಾಚಾ ಅಂತ ಗೊತ್ತಾಗ್ಬಿಟ್ರೆ ನಿನ್ನ ಅಂಗಡಿ ಕಟ್ಟೆ ಮೇಲೆ ಏನು ಮಾತಾಡ್ತೀಯ?"

ಬಿಸಿಲು ತೊಟ್ಟಿಯ ಮಧ್ಯಕ್ಕೆ ಬಂದಿತ್ತು. ನಾನು ಪಂಚೆಯನ್ನು ಅದರ ಜೊತೆ ಎಳೆದೆ. ಮತ್ತೆ ಎಳೆದೆ. ಇಬ್ಬರೂ ಒಬ್ಬರ ಮೇಲೊಬ್ಬರು ಮಾತು ಏರಿಸುತ್ತಿದ್ದರು. ನನಗೆ ಗಂಟಿನ ಮೇಲೆ ಕಣ್ಣು, ಮಾತಿನ ಮೇಲೆ ಕಿವಿ, ಕೈ ಮಾತ್ರ ಖಾಲಿ. ಅಂಥ ಹೊತ್ತು ನನಗೆ ಆಗಿಬರುವುದಿಲ್ಲ. ಚೀಲ ಕಟ್ಟಿ ಹೊರಟುಬಿಡೋಣ ಎಂದು ಎದ್ದೂ ಬಿಟ್ಟೆ.

ಕಂಬಕ್ಕೆ ಒರಗಿ ಕೂತಿದ್ದ ಮುದುಕಿ, "ಕೂತ್ಕೋಪ್ಪ," ಎಂದರು. "ಬಿಚ್ಚು."

"ಅಮ್ಮಾ!"

"ಗಂಟು ನನ್ನ ಮನೇದು ಕಣೇ. ನಾನು ಹೇಳ್ತಿದೀನಿ. ಬಿಚ್ಚಲಿ."

ಗಂಟು ಹೇಗಿತ್ತು ಎಂದು ಮೊದಲು ಕಾಗದದ ಮೇಲೆ ಬರೆದುಕೊಂಡೆ. ಯಾವ ಸುತ್ತು ಮೇಲೆ, ಯಾವುದು ಕೆಳಗೆ. ಆಮೇಲೆ ಮೊಂಡು ಸೂಜಿಯ ಬೆನ್ನಿನಿಂದ ಸಡಿಲಿಸುತ್ತ ಹೋದೆ. ಗಟ್ಟಿಯಾಗಿದ್ದ ಕುಂಕುಮ ಪುಡಿಪುಡಿಯಾಗಿ ಪಂಚೆಯ ಮೇಲೆ ಉದುರಿತು. ಅರ್ಧ ಗಂಟೆ ಹಿಡಿಯಿತು. ಅಕ್ಕ ಒಂದು ಕಡೆ, ತಮ್ಮ ಒಂದು ಕಡೆ ಬಗ್ಗಿ ನಿಂತು ನನ್ನ ಬೆಳಕಿಗೆ ಅಡ್ಡ ಬರುತ್ತಿದ್ದರು. ಎರಡು ಸಲ ಗದರಿಸಿದೆ. ಕೊನೆಯ ಸುತ್ತು ಬಿಟ್ಟುಕೊಂಡಾಗ ದಾರದ ಒಳಮೈಯನ್ನು ಹೆಬ್ಬೆರಳಿನಲ್ಲಿ ಮಗುಚಿದೆ.

ನೀಲಿ. ಆಗ ತಾನೇ ನೇಯ್ದದ್ದರಂತೆ ಶುಭ್ರವಾದ ನೀಲಿ. ಉಗುರಿನಗಲ.

ತಮ್ಮ ಜೋರಾಗಿ ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. "ನೋಡ್ದ್ಯಾ?" ಎಂದಷ್ಟೇ ಅಂದ, ಅದೂ ಮೆಲ್ಲಗೆ. ಅಕ್ಕ ನೀಲಿಯನ್ನು ನೋಡಿದರು, ನನ್ನನ್ನು ನೋಡಿದರು.

"ಮೇಜರ್ ಅಲ್ಲವಾ ಸಾರ್?"

"ಅಲ್ಲ. ಲೆಫ್ಟಿನೆಂಟೋ ಕ್ಯಾಪ್ಟನ್ನೋ. ಕಿರಿಯವನು."

"ಹಾಗಾದ್ರೆ ಅಪ್ಪ..." ಎಂದರು. ಅಡುಗೆ ಮನೆಗೆ ಹೋಗಿ, ಬರಿಗೈಯಲ್ಲಿ ವಾಪಸು ಬಂದು, ತಾಯಿಯ ಮುಂದೆ ನಿಂತರು. "ಅಪ್ಪ ಸುಳ್ಳು ಹೇಳಿದ್ರೇನಮ್ಮ? ಅಷ್ಟು ವರ್ಷ?"

"ನಿಮ್ಮಪ್ಪ ಯಾವಾಗ ಹೇಳಿದ್ರೇ ಮೇಜರ್ ಅಂತ?"

"ಆಯುಧಪೂಜೆ ದಿನ, ಎಲ್ಲರ ಎದುರಿಗೆ..."

"ಹೇಳ್ತಿದ್ದೋರು ನಿಮ್ಮ ತಾತ. ನಿಮ್ಮಪ್ಪ ಪಕ್ಕದಲ್ಲಿ ಕೂತಿರ್ತಿದ್ರು. ನೆನಪು ಮಾಡ್ಕೋ." ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಮೊದಲನೇ ವರ್ಷ ಬಂದೋರಿಗೆಲ್ಲ ಇವ್ರೇ ಹೇಳಿದ್ರು, ಯಾರೋ ಸಣ್ಣ ಹುಡುಗ, ಜ್ವರದಲ್ಲಿ ನಡುಗ್ತಿದ್ದ, ಕ್ಯೂನಲ್ಲಿ ನಿಂತು ಕತ್ತಿ ಕೊಟ್ಟ ಅಂತ. ಮಾವನವರಿಗೆ ಅದು ಹಿಡಿಸ್ಲಿಲ್ಲ. ನಮ್ಮ ಮಗ ಅಷ್ಟು ದೂರ ಹೋಗಿ ಜ್ವರ ಬಂದೋನ ಕತ್ತಿ ತಂದ್ನಾ ಅಂತ. ಮಾರನೇ ವರ್ಷಕ್ಕೆ ಆ ಹುಡುಗ ಕ್ಯಾಪ್ಟನ್ ಆದ. ಆಮೇಲೆ ಮೇಜರ್ ಆದ. ಮಾವನವರು ಇನ್ನೂ ನಾಲ್ಕು ವರ್ಷ ಬದುಕಿದ್ರೆ ಜಪಾನಿನ ರಾಜಾನೇ ಬರ್ತಿದ್ದ."

ಮಗ ಕಿಸಕ್ಕನೆ ನಕ್ಕ. ಮಗಳು ನಗಲಿಲ್ಲ. "ಅಪ್ಪ ತಡೀಬಹುದಾಗಿತ್ತಲ್ಲ."

"ಬಂದೋರ ಎದುರಿಗೆ ಅಪ್ಪನ ಮಾತು ಸುಳ್ಳು ಅನ್ನೋಕಾಗ್ತಿತ್ತೇನೇ ಆ ಕಾಲದಲ್ಲಿ? ತಲೆ ಬಗ್ಗಿಸಿ ಕೋಸಂಬರಿ ತಿಂತಿದ್ರು."

"ನಿಂಗೆ ಗೊತ್ತಿತ್ತಲ್ಲ. ನೀಲಿ ಅಂತಾನೂ ಗೊತ್ತಿತ್ತಾ?"

"ಕುಂಕುಮ ಹಚ್ಚಿದೋಳು ನಾನು. ಮೊದಲನೇ ಸಲ ಹಚ್ಚುವಾಗ ಶಂಖಪುಷ್ಪದ ಹಾಗಿತ್ತು. ನೋಡ್ತಾ ನೋಡ್ತಾ ಕೆಂಪಾಯ್ತು. ನೀನಾದ್ರೂ ಒಂದು ದಿನ ನನ್ನ ಕೇಳಿದ್ಯಾ? ತಾತ ಹೇಳಿದ್ದನ್ನೇ ಬಾಯಿಪಾಠ ಮಾಡ್ಕೊಂಡು ಸ್ಕೂಲಲ್ಲೆಲ್ಲ ಭಾಷಣ ಮಾಡ್ತಿದ್ದೆ."

ಆಮೇಲೆ ಮಗ ನನ್ನ ಪಕ್ಕದಲ್ಲಿ ಬಂದು ಕುಕ್ಕರಗಾಲಿನಲ್ಲಿ ಕೂತ. ಅವತ್ತು ಅವನು ಕೂತದ್ದು ಅದೇ ಮೊದಲು.

"ಸಾರ್, ಒಂದು ಮಾತು. ಬಜಾರಲ್ಲಿ ಕೊಂಡು ತಂದಿದ್ರೂ ಕುಚ್ಚು ಹೀಗೇ ಇರ್ತಿತ್ತು, ಅಲ್ವಾ?"

"ಹೀಗೇ ಇರ್ತಿತ್ತು," ಎಂದೆ. ಅದು ಸತ್ಯ. ಕುಚ್ಚು ಯಾವ ದರ್ಜೆಯವನದೆಂದು ಹೇಳುತ್ತದೆ, ಹೇಗೆ ಬಂತೆಂದು ಹೇಳುವುದಿಲ್ಲ. ಅಕ್ಕನ ಮುಖ ನೋಡಲಾಗದೆ ನಾನು ಸೂಜಿಯನ್ನು ಹುಡುಕತೊಡಗಿದೆ, ಅದು ಕೈಯಲ್ಲೇ ಇತ್ತು.

"ಲೋ ದಡ್ಡ," ಎಂದರು ಮುದುಕಿ. "ದುಡ್ಡು ಕೊಟ್ಟು ತರೋನು ದೊಡ್ಡ ಅಧಿಕಾರೀದನ್ನೇ ತರ್ತಾನೆ ಕಣೋ. ಬದನೇಕಾಯಿ ಥರ ರಾಶಿ ಬಿದ್ದಿತ್ತು ಅಂತೀಯ. ರಾಶೀಲಿ ಕೆಂಪು ಕುಚ್ಚಿಂದು ಒಂದೂ ಇರ್ಲಿಲ್ವಾ? ನೀಲೀದನ್ನ ಯಾರೋ ಕೈಗೆ ಕೊಟ್ರೆ ಮಾತ್ರ ಮನೆಗೆ ತರ್ತಾರೆ."

ಅದು ವರದಿಯಲ್ಲಿ ಬರೆಯುವಂಥ ಸಾಕ್ಷಿಯಲ್ಲ, ನಾನು ಬರೆಯಲೂ ಇಲ್ಲ. ಆದರೆ ಆ ತೊಟ್ಟಿಯಲ್ಲಿ ಕೂತಿದ್ದವರಿಗೆ ಅಷ್ಟು ಸಾಕಾಯಿತು. ಅಕ್ಕ ಕಂಬದ ಪಕ್ಕದಲ್ಲಿ ತಾಯಿಗೆ ತಾಗಿ ಕೂತರು. "ಜ್ವರ ಬಂದಿತ್ತು ಅಂದ್ಯಲ್ಲ," ಎಂದು ಕೇಳಿದರು. "ಆಮೇಲೆ?"

"ಆಮೇಲೇನು, ನಿಮ್ಮಪ್ಪ ಡಾಕ್ಟ್ರು. ಮಾತ್ರೆ ಕೊಟ್ರಂತೆ. ಬೇಕಾದ್ರೆ ಕುಚ್ಚು ಬಿಚ್ಕೊಂಡು ಹೋಗು, ನೆನಪಿಗಿರುತ್ತೆ ಅಂತ ಸನ್ನೆ ಮಾಡಿದ್ರಂತೆ. ಅವನು ಬಿಚ್ಚಿದೋನು, ಏನನ್ನಿಸ್ತೋ, ಇನ್ನೂ ಬಿಗಿಯಾಗಿ ಕಟ್ಟಿ ವಾಪಸು ಕೊಟ್ನಂತೆ. ಅದೊಂದೇ ಅವರು ನಂಗೆ ಹೇಳಿದ್ದು. ಪದೇ ಪದೇ ಹೇಳ್ತಿದ್ರು."

ಊಟವಾದ ಮೇಲೆ ಅಕ್ಕ ಹಳೆಯ ರಟ್ಟನ್ನು ಮಡಿಸಿ ಒಲೆಯ ಪಕ್ಕ ಇಟ್ಟು, ಹೊಸದೊಂದನ್ನು ಕತ್ತರಿಸಿ ಬರೆಯಲು ಕೂತರು. "ಲೆಫ್ಟಿನೆಂಟ್ ಅಂತ ಹಾಕ್ಲಾ ಸಾರ್?" ಎಂದು ಕೇಳಿದರು. ಕುಚ್ಚು ಅಷ್ಟು ಹೇಳುವುದಿಲ್ಲ, ಕಿರಿಯ ಅಧಿಕಾರಿ ಎಂದರೆ ತಪ್ಪಿಲ್ಲ, ಎಂದೆ. ಅವರು ಹಾಗೇ ಬರೆದರು. ಜ್ವರದ ವಿಷಯವನ್ನೂ ಮಾತ್ರೆಯ ವಿಷಯವನ್ನೂ ಸೇರಿಸಿ, ಕೆಳಗೆ, ಇದು ನಮ್ಮ ತಾಯಿ ಹೇಳಿದ್ದು, ಎಂದು ಬರೆದರು. ತಮ್ಮ ಹಿಂದೆ ನಿಂತು ಓದಿದ. "ಎರಡೂ ಕೈಯಲ್ಲಿ ಅನ್ನೋದು ಬಿಟ್ಟುಬಿಟ್ಟೆ?" ಎಂದ.

"ಅದು ತಾತನದು," ಎಂದರು ಅಕ್ಕ.

ನಾನು ಬರೆದಿಟ್ಟುಕೊಂಡ ಚಿತ್ರವನ್ನು ನೋಡಿಕೊಂಡು ಗಂಟು ಹಾಕಿದೆ. ಸುತ್ತುಗಳು ಅವೇ, ಬಿಗಿ ಮಾತ್ರ ಬರಲಿಲ್ಲ. ಬಿಚ್ಚಿ ಮತ್ತೆ ಹಾಕಿದೆ, ಮತ್ತೂ ಬರಲಿಲ್ಲ. ಒಳಮೈಯ ನೀಲಿ ಒಂದು ಕಡೆ ಹೊರಗೆ ಇಣುಕುತ್ತಿತ್ತು. ಮುಚ್ಚಲು ಹೋದರೆ ಮುದುಕಿ, "ಇರಲಿ ಬಿಡು, ಕಾಣಲಿ," ಎಂದರು. ವರದಿಯಲ್ಲಿ, ಕುಚ್ಚು ಅಸಲಿ, ನೀಲಿ, ಕಿರಿಯ ಅಧಿಕಾರಿಯದು, ಕೆಂಪು ಕುಂಕುಮದಿಂದ ಬಂದದ್ದು, ಗಂಟನ್ನು ಈ ದಿನ ನಾನು ಬಿಚ್ಚಿ ಕಟ್ಟಿದ್ದೇನೆ, ಈಗಿನ ಗಂಟು ಮೂಲದ್ದಲ್ಲ, ಎಂದು ಬರೆದು ಸಹಿ ಮಾಡಿದೆ.

ಕೊನೆಗೆ ಅಲಗನ್ನು ಹೊರಗೆಳೆದು, ತುಕ್ಕು ಹಿಡಿಯದಂತೆ ಎಣ್ಣೆ ಒರೆಸಿ ಮತ್ತೆ ಒರೆಗೆ ಸೇರಿಸಿದೆ. ರೆಜಿಮೆಂಟಿಗೆ ಕಳಿಸಲೆಂದು ಅಕ್ಕ ಹಳೆಯ ಬಿಳಿ ಪಂಚೆಯ ಚೀಲ ಹೊಲಿದುಕೊಟ್ಟರು. ಕತ್ತಿಯನ್ನು ಅದರೊಳಗೆ ಇಳಿಸಿ, ರಟ್ಟನ್ನೂ ವರದಿಯನ್ನೂ ಮೇಲಿಟ್ಟು, ಬಾಯನ್ನು ಅವರ ಸೂಜಿಯಿಂದ ನಾನೇ ಹೊಲಿದೆ. ತಮ್ಮ ಅದುವರೆಗೂ ಚೀಲದ ಎರಡು ಅಂಚನ್ನು ಸೇರಿಸಿ ಹಿಡಿದುಕೊಂಡಿದ್ದ. ದಾರ ಕತ್ತರಿಸಿ, ಸೂಜಿಯನ್ನು ಅಕ್ಕನ ಕೈಗೆ ವಾಪಸು ಕೊಟ್ಟೆ.